ಡೆತ್ ಆದವರು, ಸಕ್ಸಸ್ ಆದವರು

ಕನ್ನಡ ಮಾತಾಡುವವರು ಯಾರೂ ‘ತಾತ ಸಾವು ಆದರು’ ಎನ್ನುವುದಿಲ್ಲ. ಸತ್ತರು, ತೀರಿಕೊಂಡರು, ಹೋಗಿಬಿಟ್ಟರು, ಶಿವನ ಪಾದ ಸೇರಿದರು ಎಂದು ಹತ್ತು ಬಗೆಯಲ್ಲಿ ಹೇಳಬಹುದು. ಹತ್ತರಲ್ಲೂ ಒಂದು ಕ್ರಿಯಾಪದ ಇದ್ದೇ ಇರುತ್ತದೆ. ‘ಸಾವು’ ಸಂಗತಿಯ ಹೆಸರು, ‘ಸತ್ತರು’ ನಡೆದದ್ದರ ವರದಿ. ಯಾವುದನ್ನು ಎಲ್ಲಿ ಹೇಳಬೇಕೆಂಬುದು ಶಾಲೆಯ ಕಡೆ ತಲೆಹಾಕದ ಮುದುಕಿಗೂ ಗೊತ್ತು. ಆದರೆ ಅದೇ ಮುದುಕಿ ‘ಆಸ್ಪತ್ರೇಲೇ ಡೆತ್ ಆಗೋದ್ರು’ ಎಂದು ಸಲೀಸಾಗಿ ಹೇಳುತ್ತಾಳೆ, ಕೇಳಿದವರು ಯಾರೂ ಹುಬ್ಬೇರಿಸುವುದಿಲ್ಲ. ಇಂಗ್ಲಿಷಿನಲ್ಲಿ ‘ಡೆತ್’ ಎಂಬುದು ನಮ್ಮ ‘ಸಾವು’. ‘ಸಾಯು’ವುದಕ್ಕೆ ಅಲ್ಲಿ ‘ಡೈ’ ಎಂಬ ಬೇರೆ ಪದವೇ ಇದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಯ ಕನ್ನಡ ಮಾಧ್ಯಮದ ಹುಡುಗ ಹತ್ತನೆಯ ತರಗತಿಯ ಇಂಗ್ಲಿಷ್ ಉತ್ತರದಲ್ಲಿ ‘ಹಿ ಈಸ್ ಡೆತ್’ ಎಂದೋ, ‘ಐ ವಿಲ್ ಸಕ್ಸಸ್’ ಎಂದೋ ಬರೆದರೆ ಕೆಂಪು ಶಾಯಿಯ ಗೀಟು ಬೀಳುತ್ತದೆ. ಕರ್ನಾಟಕದ ಬೇರೆ ಕಡೆಯ ಹುಡುಗರೂ ಇದನ್ನೇ ಬರೆಯುತ್ತಾರೆ. ಈ ಮಕ್ಕಳಿಗೆ ವ್ಯಾಕರಣ ಬರುವುದಿಲ್ಲ ಎಂದು ತೀರ್ಪು ಕೊಡುವುದು ಸುಲಭ. ನನ್ನ ವಾದ ಅದಕ್ಕೆ ತಿರುಗುಮುರುಗು: ಆ ತಪ್ಪಿನ ಹಿಂದೆ ಒಂದು ಗಟ್ಟಿ ವ್ಯಾಕರಣವಿದೆ, ಅದು ಕನ್ನಡದ್ದು. ಅದನ್ನು ಬಿಡಿಸಿ ತೋರಿಸಿದರೆ, ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದವೋ ನಾಮಪದವೋ ಎಂಬ ಆಯ್ಕೆಯನ್ನು ನಮ್ಮ ಮಕ್ಕಳು ಈಗಿಗಿಂತ ಬಹಳ ಬೇಗ ಕಲಿಯುತ್ತಾರೆ.

ಹೊರಗಿನ ಪದವನ್ನು ಕನ್ನಡ ಒಳಗೆ ಕರೆದುಕೊಳ್ಳುವ ರೀತಿಯನ್ನು ಮೊದಲು ನೋಡಬೇಕು. ಸಂಸ್ಕೃತದಿಂದ ಬಂದ ಪದಗಳಿಗೆ ನಮ್ಮವರು ‘ಇಸು’ ಎಂಬ ಬಾಲ ಹಚ್ಚಿ ಕ್ರಿಯಾಪದ ಮಾಡಿಕೊಂಡರು. ಸ್ತುತಿ ‘ಸ್ತುತಿಸು’ ಆಯಿತು, ಭಾವ ‘ಭಾವಿಸು’ ಆಯಿತು, ಪ್ರೀತಿ ‘ಪ್ರೀತಿಸು’ ಆಯಿತು. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ಈ ದಾರಿ ಹಳೆಯದಾಗಿತ್ತು. ಆಮೇಲೆ ಆಡಳಿತದ ಜೊತೆಗೆ ಪಾರಸಿ, ಅರಬ್ಬೀ ಮೂಲದ ಪದಗಳು ಬಂದಾಗ ಕನ್ನಡ ಇನ್ನೊಂದು ದಾರಿ ಹಿಡಿಯಿತು. ಜಪ್ತಿ, ವಸೂಲಿ, ಮಂಜೂರು, ರದ್ದು, ರುಜು ಇವುಗಳನ್ನು ಹಾಗೆ ಹಾಗೇ ಇಟ್ಟು ಪಕ್ಕದಲ್ಲಿ ‘ಮಾಡು’ ಅಥವಾ ‘ಆಗು’ ನಿಲ್ಲಿಸಿತು. ಇಂಗ್ಲಿಷ್ ಪದಗಳು ಬಂದಾಗ ಈ ಎರಡನೆಯ ದಾರಿ ಸವೆದು ನುಣುಪಾಗಿತ್ತು. ಹಾಗಾಗಿ ನಾವು ‘ಬುಕ್ಕಿಸು’ ಎನ್ನಲಿಲ್ಲ, ‘ಬುಕ್ ಮಾಡು’ ಎಂದೆವು. ಈ ಮೂರು ತಾಲ್ಲೂಕುಗಳಿಗೆ ಇಂಗ್ಲಿಷ್ ಪದಗಳು ಬಂದದ್ದು ಒಂದೇ ಬಾಗಿಲಿನಿಂದಲೂ ಅಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯ ಕೈಗೆ ಹೋಗಿ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹನೂರು ತೀರ ಇತ್ತೀಚಿನವರೆಗೆ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇತ್ತು. ಅಂದರೆ ಈ ಭಾಗಕ್ಕೆ ಕೋರ್ಟು, ಕಲೆಕ್ಟರು, ರಿಜಿಸ್ಟ್ರಿ ಎಲ್ಲ ಮದರಾಸಿನ ಕಡೆಯಿಂದ ಬಂದವು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು, ಮೈಸೂರು ಸಂಸ್ಥಾನದ ಮಡಿಲಿನಲ್ಲಿದ್ದದ್ದು. ಆಳಿದವರು ಬೇರೆ, ಕಚೇರಿ ಬೇರೆ. ಆದರೂ ಇವತ್ತು ಎರಡೂ ಕಡೆ ‘ಮಾಡು’, ‘ಆಗು’ಗಳ ಬಳಕೆ ಒಂದೇ. ಈ ಜಾಣತನ ಆಡಳಿತದ ಕೊಡುಗೆಯಲ್ಲ, ಭಾಷೆಯ ಸ್ವಂತದ್ದು ಎಂಬುದಕ್ಕೆ ಇಷ್ಟು ಸಾಕು.

ಈಗ ಮುಖ್ಯ ಸಂಗತಿಗೆ ಬರೋಣ. ‘ಮಾಡು’ವಿನ ಪಕ್ಕದಲ್ಲಿ ಬಂದು ಕೂರುವ ಇಂಗ್ಲಿಷ್ ಪದ ಅದರ ಮನೆಯಲ್ಲಿ ನಾಮಪದವಾಗಿತ್ತೋ ಕ್ರಿಯಾಪದವಾಗಿತ್ತೋ ಎಂದು ಕನ್ನಡ ಕೇಳುವುದೇ ಇಲ್ಲ. ಆಸ್ಪತ್ರೆಗೆ ಸೇರಿದರೆ ‘ಅಡ್ಮಿಟ್ ಆದ್ರು’, ಕಾಲೇಜಿಗೆ ಸೇರಿದರೆ ‘ಅಡ್ಮಿಷನ್ ಆಯ್ತು’. ಒಂದೇ ಪದದ ಕ್ರಿಯಾರೂಪ ಆಸ್ಪತ್ರೆಯ ಪಾಲಿಗೆ, ನಾಮರೂಪ ಕಾಲೇಜಿನ ಪಾಲಿಗೆ. ಹೊಟ್ಟೆ ಕೊಯ್ದರೆ ‘ಆಪರೇಷನ್ ಮಾಡಿದ್ರು’. ‘ಆಪರೇಟ್ ಮಾಡಿದ್ರು’ ಎಂದರೆ ಯಾವುದೋ ಯಂತ್ರ ನಡೆಸಿದಂತೆ ಕೇಳಿಸುತ್ತದೆ. ಪೊಲೀಸ್ ಕೆಲಸಕ್ಕೆ ಹುಡುಗ ‘ಸೆಲೆಕ್ಟ್ ಆದ’ ಎಂದರೂ ಸರಿ, ‘ಸೆಲೆಕ್ಸನ್ನಾಗವ್ನೆ’ ಎಂದರೂ ಸರಿ. ಜಗಳವಾದರೆ ‘ಅಡ್ಜಸ್ಟ್ ಮಾಡ್ಕೊ’ ಎನ್ನಬಹುದು, ‘ಅಡ್ಜಸ್ಟ್‌ಮೆಂಟ್ ಮಾಡ್ಕೊ’ ಎನ್ನಬಹುದು. ‘ಲೇಟ್ ಆಯ್ತು’ ಎಂಬಲ್ಲಿ ಗುಣವಾಚಕ ಕೂತಿದೆ, ‘ಮ್ಯಾರೇಜ್ ಆಯ್ತು’ ಎಂಬಲ್ಲಿ ನಾಮಪದ, ‘ಎಕ್ಸ್‌ಪೈರ್ ಆದ್ರು’ ಎಂಬಲ್ಲಿ ಕ್ರಿಯಾಪದ. ಕಾಲ, ಲಿಂಗ, ವಚನ, ಗೌರವ ಎಲ್ಲದರ ಹೊರೆಯನ್ನೂ ಹೊರುವುದು ‘ಮಾಡು’ ಅಥವಾ ‘ಆಗು’. ಅದರ ಎಡಗಡೆ ಕೂತ ಇಂಗ್ಲಿಷ್ ಪದಕ್ಕೆ ದುಡಿಮೆಯಿಲ್ಲ, ಬರೀ ಅರ್ಥ ಕೊಟ್ಟರೆ ಸಾಕು. ಹೀಗೆ ಎಷ್ಟೋ ಇಂಗ್ಲಿಷ್ ಪದಗಳನ್ನು ಮಗು ಇಂಗ್ಲಿಷ್ ಕಲಿಯುವ ಮೊದಲೇ ಕಲಿತಿರುತ್ತದೆ. ಕಲಿತಿರುವುದು ಮಾತ್ರ ಕ್ರಿಯೆಯ ಶಕ್ತಿ ಕಳಚಿದ ರೂಪದಲ್ಲಿ. ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಪದಗಳೇ ಗೊತ್ತಿಲ್ಲ ಎಂಬ ದೂರನ್ನು ನಾನು ನಂಬುವುದಿಲ್ಲ. ಪದಗಳು ಬೇಕಾದಷ್ಟು ಗೊತ್ತಿವೆ. ಯಾವುದು ದುಡಿಯುವ ಪದ, ಯಾವುದು ದುಡಿಮೆಯ ಹೆಸರು ಎಂಬುದು ಗೊತ್ತಿಲ್ಲ.

ಇಂಗ್ಲಿಷ್ ವಾಕ್ಯಕ್ಕೆ ಕಾಲಿಟ್ಟ ಕೂಡಲೇ ಈ ಅಜ್ಞಾತವಾಸ ಮುಗಿಯಲೇಬೇಕು, ಏಕೆಂದರೆ ಅಲ್ಲಿ ‘ಮಾಡು’ ಜೊತೆಗೆ ಬರುವುದಿಲ್ಲ. ‘ಅಪ್ಲೈ ಮಾಡಿದೆ’ ಎಂಬುದು ಇಂಗ್ಲಿಷಿನಲ್ಲಿ ‘ಅಪ್ಲೈಡ್’ ಆಗಬೇಕು. ನಮ್ಮ ಇಡೀ ‘ಮಾಡಿದೆ’ ಅಲ್ಲಿ ಬಾಲದ ಒಂದು ‘ಡ್’ ಆಗಿ ಉಳಿಯುತ್ತದೆ. ಆ ‘ಡ್’ ಅಂಟುವುದು ಕ್ರಿಯಾಪದಕ್ಕೆ ಮಾತ್ರ. ‘ಅಪ್ಲಿಕೇಷನ್’ ಎಂಬುದಕ್ಕೆ ಕಾಲವನ್ನು ಅಂಟಿಸಲು ಜಾಗವೇ ಇಲ್ಲ. ‘ಅಪ್ಲಿಕೇಸನ್ ಹಾಕಿವ್ನಿ’ ಎಂದು ಮನೆಯಲ್ಲಿ ಹೇಳುವ ಹುಡುಗ ಇಂಗ್ಲಿಷಿನಲ್ಲಿ ‘ಐ ಪುಟ್ ಅಪ್ಲಿಕೇಷನ್’ ಎನ್ನುವುದು ಹೀಗೆ. ‘ಕಂಪ್ಲೇಂಟ್ ಕೊಟ್ಟೆ’ ಎಂಬುದು ‘ಐ ಕಂಪ್ಲೇಂಟ್ ಟು ದ ಪೊಲೀಸ್’ ಆಗುತ್ತದೆ. ಕ್ರಿಯಾಪದ ‘ಕಂಪ್ಲೇನ್’, ಕೊನೆಯಲ್ಲಿ ‘ಟ್’ ಬಂದರೆ ನಾಮಪದ ಎಂಬ ಸೂಕ್ಷ್ಮ ಕನ್ನಡದ ಕಿವಿಗೆ ಎಂದೂ ಬೇಕಾಗಿರಲಿಲ್ಲ. ‘ಅಡ್ವೈಸ್’ ಇನ್ನೂ ಮೋಸದ್ದು: ನಾಮಪದದ ಕೊನೆಯಲ್ಲಿ ಸಕಾರದ ದನಿ, ಕ್ರಿಯಾಪದದ ಕೊನೆಯಲ್ಲಿ ಜಕಾರಕ್ಕೆ ಹತ್ತಿರದ ದನಿ, ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ಬರವಣಿಗೆ. ‘ಡಿಸ್ಕಸ್ ಅಬೌಟ್’ ಎಂಬ ಹೆಸರಾಂತ ತಪ್ಪಿನ ಕಥೆಯೂ ಇದೇ. ‘ಡಿಸ್ಕಷನ್’ ಎಂಬ ನಾಮಪದದ ಮುಂದೆ ‘ಅಬೌಟ್’ ಬರುತ್ತದೆ, ‘ಡಿಸ್ಕಸ್’ ಎಂಬ ಕ್ರಿಯಾಪದದ ಮುಂದೆ ಬರುವುದಿಲ್ಲ. ನಮಗೆ ‘ಡಿಸ್ಕಸ್ ಮಾಡು’, ‘ಡಿಸ್ಕಷನ್ ಮಾಡು’ ಎರಡೂ ಒಂದೇ, ಎರಡಕ್ಕೂ ‘ಬಗ್ಗೆ’ ಬೇಕೇ ಬೇಕು. ಆ ‘ಬಗ್ಗೆ’ಯೇ ‘ಅಬೌಟ್’ ಆಗಿ ಎರಡೂ ಕಡೆ ನುಸುಳುತ್ತದೆ. ಇವೆಲ್ಲಕ್ಕಿಂತ ಸ್ವಾರಸ್ಯದ್ದು ‘ಡೌಟ್’. ‘ಐ ಹ್ಯಾವ್ ಎ ಡೌಟ್, ಸರ್’ ಎಂದರೆ ನಮ್ಮ ತರಗತಿಗಳಲ್ಲಿ ಒಂದು ಪ್ರಶ್ನೆಯಿದೆ ಎಂದು ಅರ್ಥ. ಅದೇ ಪದವನ್ನು ಕ್ರಿಯಾಪದ ಮಾಡಿ ‘ಐ ಡೌಟ್ ಯು, ಸರ್’ ಎಂದರೆ ನಿಮ್ಮ ಮಾತನ್ನು ನಾನು ನಂಬುವುದಿಲ್ಲ ಎಂದು ಮುಖಕ್ಕೆ ಹೇಳಿದಂತೆ. ನಾಮಪದವೋ ಕ್ರಿಯಾಪದವೋ ಎಂಬ ಆಯ್ಕೆಯಿಂದ ಅಂಕ ಮಾತ್ರವಲ್ಲ, ಮೇಷ್ಟರ ವಿಶ್ವಾಸವೂ ಹೋಗಬಹುದು.

ಯಾವುದು ನಾಮಪದ, ಯಾವುದು ಕ್ರಿಯಾಪದ ಎಂದು ತಿಳಿದ ಮೇಲೆ ಎರಡರಲ್ಲಿ ಯಾವುದನ್ನು ಆರಿಸಬೇಕು? ಎರಡೂ ಸರಿಯಿರುವ ಕಡೆ ಕ್ರಿಯಾಪದವನ್ನೇ ಆರಿಸಿ ಎಂಬುದು ನನ್ನ ಪಕ್ಷ. ಇಂಗ್ಲಿಷಿನ ಶೈಲಿಕಾರರು ಇದನ್ನು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1946ರ ಪ್ರಬಂಧದಲ್ಲಿ, ಒಂದು ಕ್ರಿಯಾಪದ ಸಾಕಾದಲ್ಲಿ ನಾಮಪದದ ಗೊಂಚಲು ಕಟ್ಟುವುದನ್ನು ಕೆಟ್ಟ ಬರವಣಿಗೆಯ ಲಕ್ಷಣಗಳಲ್ಲಿ ಸೇರಿಸಿದ. 1948ರಲ್ಲಿ ಅರ್ನೆಸ್ಟ್ ಗವರ್ಸ್ ಬ್ರಿಟಿಷ್ ಸರ್ಕಾರಿ ನೌಕರರಿಗಾಗಿ ‘ಪ್ಲೇನ್ ವರ್ಡ್ಸ್’ ಬರೆದದ್ದೂ ಇಂಥ ರೋಗಕ್ಕೆ ಮದ್ದಾಗಿ. ಅವರ ಕಾರಣ ಸ್ಪಷ್ಟತೆ, ಚುರುಕು. ಇಂಗ್ಲಿಷ್ ತಾಯ್ನುಡಿಯವರಿಗೆ ಅಷ್ಟು ಕಾರಣ ಸಾಕು. ನಮ್ಮ ಮಕ್ಕಳಿಗೆ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಅವರಿಗೆ ಹೇಳುವುದಿಲ್ಲ: ಕ್ರಿಯಾಪದದಲ್ಲಿ ಎಡವುವ ಜಾಗಗಳು ಕಡಿಮೆ. ಬಿಸಿಯೂಟದ ಅಡುಗೆಮನೆಯನ್ನು ಮುಖ್ಯೋಪಾಧ್ಯಾಯರು ನೋಡಿದರು ಎಂಬುದನ್ನು ಹೇಳಬೇಕು ಎನ್ನಿ. ‘ದ ಎಚ್‌ಎಂ ಇನ್‌ಸ್ಪೆಕ್ಟೆಡ್ ದ ಕಿಚನ್’ ಎಂದರೆ 5 ಪದಗಳಲ್ಲಿ ಕೆಲಸ ಮುಗಿಯಿತು. ನಾಮಪದ ಹಿಡಿದರೆ ‘ದ ಎಚ್‌ಎಂ ಮೇಡ್ ಆ್ಯನ್ ಇನ್‌ಸ್ಪೆಕ್ಷನ್ ಆಫ್ ದ ಕಿಚನ್’ ಎಂದು 8 ಪದಗಳಾಗುತ್ತವೆ. ಹೆಚ್ಚಾದ ಮೂರು ಯಾವುವು? ‘ಮೇಡ್’ ಎಂಬ ಸಹಾಯಕ, ‘ಆ್ಯನ್’ ಎಂಬ ಆರ್ಟಿಕಲ್, ‘ಆಫ್’ ಎಂಬ ಪ್ರಿಪೊಸಿಷನ್. ಕನ್ನಡದ ಮಗು ಇಂಗ್ಲಿಷಿನಲ್ಲಿ ಅತಿ ಹೆಚ್ಚು ಹೆದರುವುದು ಈ ಮೂರಕ್ಕೇ. ಆರ್ಟಿಕಲ್ ನಮ್ಮಲ್ಲಿ ಇಲ್ಲವೇ ಇಲ್ಲ. ಪ್ರಿಪೊಸಿಷನ್ ಮಾಡುವ ಕೆಲಸವನ್ನು ನಮ್ಮ ವಿಭಕ್ತಿ ಪ್ರತ್ಯಯಗಳು ಪದದ ಕೊನೆಗೆ ಅಂಟಿಕೊಂಡು ಮಾಡುತ್ತವೆ. ಇನ್ನು ಸಹಾಯಕದ ಪಾಡು ನೋಡಿ: ನಮ್ಮ ‘ಮಾಡು’ ಒಂದೇ ಎಲ್ಲ ಮನೆಗೂ ಹೋಗಿ ಬರುತ್ತದೆ, ತಪ್ಪು ಮಾಡು, ಸ್ನಾನ ಮಾಡು, ಊಟ ಮಾಡು, ಫೋನ್ ಮಾಡು. ಇಂಗ್ಲಿಷಿನಲ್ಲಿ ತಪ್ಪಿಗೆ ‘ಮೇಕ್’, ಹೋಮ್‌ವರ್ಕಿಗೆ ‘ಡೂ’, ಸ್ನಾನಕ್ಕೆ ‘ಟೇಕ್’, ನೋಟಕ್ಕೆ ‘ಹ್ಯಾವ್’. ‘ಡೂಯಿಂಗ್ ಮಿಸ್ಟೇಕ್ಸ್’ ಎಂದು ನಾವು ಬರೆಯುವುದು ‘ಮಾಡು’ವಿಗೆ ‘ಡೂ’ ಒಂದೇ ಜೋಡಿ ಎಂದುಕೊಂಡು. ‘ಡಿಸಿಷನ್’ ಎಂದರೆ ‘ಮೇಕ್’ ಬೇಕೋ ‘ಟೇಕ್’ ಬೇಕೋ ಎಂದು ತಲೆ ಕೆರೆದುಕೊಳ್ಳಬೇಕು. ‘ಡಿಸೈಡೆಡ್’ ಎಂದವನಿಗೆ ಆ ಗೋಜಿಲ್ಲ.

ಕ್ರಿಯಾಪದಕ್ಕೂ ಅದರದೇ ಕಷ್ಟ ಇದೆಯಲ್ಲ ಎಂದು ಮೇಷ್ಟರುಗಳು ಕೇಳಿಯಾರು. ‘ಟೀಚ್’ ಎಂಬುದು ‘ಟಾಟ್’ ಆಗುತ್ತದೆ, ‘ಗೋ’ ಎಂಬುದು ‘ವೆಂಟ್’ ಆಗುತ್ತದೆ, ಈ ಬಾಯಿಪಾಠಕ್ಕಿಂತ ನಾಮಪದವೇ ವಾಸಿಯಲ್ಲವೆ? ಆಕ್ಷೇಪಣೆ ನ್ಯಾಯವಾದದ್ದು, ಆದರೆ ಗುರಿ ತಪ್ಪಿದ್ದು. ‘ಷನ್’ ಎಂದು ಮುಗಿಯುವ ನಾಮಪದಗಳು ಹೆಚ್ಚಾಗಿ ಲ್ಯಾಟಿನ್ ಮೂಲದವು. ಅವುಗಳ ಕ್ರಿಯಾಪದಗಳು ಬಹುಮಟ್ಟಿಗೆ ಎಲ್ಲವೂ ಸಾಧು ಸ್ವಭಾವದವು. ಇನ್‌ಸ್ಪೆಕ್ಟ್, ಸೆಲೆಕ್ಟ್, ಡಿಸ್ಕಸ್, ಡಿಸೈಡ್, ಅಪ್ಲೈ, ಇನ್ಫಾರ್ಮ್, ಅಡ್ಮಿಟ್ ಯಾವುದಕ್ಕಾದರೂ ‘ಡ್’ ಹಚ್ಚಿದರೆ ಭೂತಕಾಲ ಸಿದ್ಧ. ಕಾಡುವ ಅನಿಯಮಿತ ಕ್ರಿಯಾಪದಗಳು ಹೋಗು, ಬಾ, ತಿನ್ನು, ಕೊಡುಗಳಂಥ ದಿನಬಳಕೆಯವು. ಅವನ್ನಂತೂ ಕಲಿಯದೆ ಗತಿಯಿಲ್ಲ, ನಾಮಪದ ಅಲ್ಲಿ ನೆರವಿಗೂ ಬರುವುದಿಲ್ಲ. ಅಷ್ಟಕ್ಕೂ ಕನ್ನಡದ ಮಗು ‘ಬರು’ವುದು ‘ಬಂದ’ ಆಗುವುದನ್ನು, ‘ಕೊಡು’ ಎಂಬುದು ‘ಕೊಟ್ಟ’ ಆಗುವುದನ್ನು, ‘ಬೀಳು’ ‘ಬಿದ್ದ’ನಾಗಿ ‘ಏಳು’ ‘ಎದ್ದ’ನಾಗುವುದನ್ನು ಯಾರ ಬೆತ್ತಕ್ಕೂ ಹೆದರದೆ ಕಲಿತಿದೆ.

ಕಚೇರಿಯ ಇಂಗ್ಲಿಷಿನ ಕಡೆ ಒಂದು ಕಣ್ಣು ಹಾಯಿಸಿದರೆ ನಾಮಪದದ ಮೇಲಿನ ಮೋಹ ಎಲ್ಲಿಂದ ಬಂತು ಎಂದು ತಿಳಿಯುತ್ತದೆ. ‘ಯುವರ್ ಅಪ್ಲಿಕೇಷನ್ ಈಸ್ ಅಂಡರ್ ಕನ್ಸಿಡರೇಷನ್’ ಎಂಬ ವಾಕ್ಯ ಕಚೇರಿಗಳಲ್ಲಿ ಸಾಯುವುದೇ ಇಲ್ಲ. ಯಾರು ಪರಿಶೀಲಿಸುತ್ತಿದ್ದಾರೆ, ಎಂದಿಗೆ ಮುಗಿಸುತ್ತಾರೆ? ನಾಮಪದಕ್ಕೆ ಕರ್ತೃ ಬೇಕಿಲ್ಲ, ಕಾಲವೂ ಬೇಕಿಲ್ಲ; ಅದೇ ಅದರ ಅನುಕೂಲ. ಅದನ್ನು ‘ಕನ್ಸಿಡರ್’ ಎಂದು ಕ್ರಿಯಾಪದ ಮಾಡಿದ ತಕ್ಷಣ ಯಾರು, ಯಾವಾಗ ಎಂಬ ಪ್ರಶ್ನೆಗಳು ಬಾಗಿಲು ಬಡಿಯುತ್ತವೆ. ಈ ಇಂಗ್ಲಿಷನ್ನು ಅನುಸರಿಸಿ ನಮ್ಮ ಕಡತದ ಕನ್ನಡವೂ ಹಾಳಾಯಿತು. ‘ನೋಡಿದರು’ ಎಂದರೆ ಸಾಕಾದಲ್ಲಿ ‘ವೀಕ್ಷಣೆ ನಡೆಸಿದರು’, ‘ತಿದ್ದುತ್ತೇವೆ’ ಎನ್ನುವಲ್ಲಿ ‘ತಿದ್ದುಪಡಿ ಕ್ರಮ ಕೈಗೊಳ್ಳಲಾಗುವುದು’. ಸಂತೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಪತ್ರಿಕೆಯಲ್ಲಿ, ಫಲಕದಲ್ಲಿ, ನೋಟೀಸಿನಲ್ಲಿ ಮಾತ್ರ ಇದು ಬದುಕಿದೆ. ಮಕ್ಕಳ ಕಣ್ಣಿಗೆ ಬೀಳುವ ಗಂಭೀರ ಬರವಣಿಗೆ ಎಂದರೆ ಇದೇ ಆದ್ದರಿಂದ, ದೊಡ್ಡ ಇಂಗ್ಲಿಷ್ ಎಂದರೆ ‘ಷನ್’ಗಳ ಸಾಲು ಎಂದು ಅವರು ನಂಬುತ್ತಾರೆ. ಕೊಳ್ಳೇಗಾಲದ ರೇಷ್ಮೆ ಸೀರೆಯ ಮೇಲೆ ಪ್ರಬಂಧ ಬರೆಯಿರಿ ಎಂದರೆ ‘ಸಿಲ್ಕ್ ವೀವಿಂಗ್ ಈಸ್ ಡನ್ ಇನ್ ಕೊಳ್ಳೇಗಾಲ ಬೈ ದ ವೀವರ್ಸ್’ ಎಂದು ಬರೆಯುತ್ತಾರೆ. ತಪ್ಪೇನಿಲ್ಲ. ಆದರೆ ‘ಕೊಳ್ಳೇಗಾಲ ವೀವರ್ಸ್ ವೀವ್ ಸಿಲ್ಕ್’ ಎಂದವಳ ವಾಕ್ಯದಲ್ಲಿ ಮಗ್ಗ ಆಡುತ್ತಿದೆ, ಮೊದಲಿನದರಲ್ಲಿ ಮಗ್ಗದ ಬಗ್ಗೆ ವರದಿ ಇದೆ.

ಇಲ್ಲಿ ಬಲವಾದ ಪ್ರತಿವಾದವೊಂದು ಕಾದಿದೆ. ವಿಜ್ಞಾನ, ಕಾನೂನು, ಅರ್ಥಶಾಸ್ತ್ರ ನಾಮಪದವಿಲ್ಲದೆ ನಡೆಯುವುದಿಲ್ಲ. ನೀರು ಆವಿಯಾಗುತ್ತದೆ ಎಂಬುದು ಒಂದು ನೋಟ. ‘ಇವಾಪೊರೇಷನ್’ ಎಂದು ಹೆಸರಿಟ್ಟ ಮೇಲೆ ಅದರ ವೇಗವನ್ನು ಅಳೆಯಬಹುದು, ಕಾರಣ ಹುಡುಕಬಹುದು, ಇನ್ನೊಂದಕ್ಕೆ ಹೋಲಿಸಬಹುದು. ಭಾಷಾವಿಜ್ಞಾನಿ ಎಂ.ಎ.ಕೆ. ಹ್ಯಾಲಿಡೆ ವಿಜ್ಞಾನದ ಇಂಗ್ಲಿಷಿನ ಬೆಳವಣಿಗೆಯನ್ನೇ ಈ ನಾಮಪದೀಕರಣದ ಕಥೆಯಾಗಿ ಓದಿದ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ, ಒಪ್ಪುವುದಕ್ಕೆ ಇಂಗ್ಲೆಂಡಿಗೂ ಹೋಗಬೇಕಿಲ್ಲ. ಹನೂರು ಸೀಮೆಯ ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಕಾವ್ಯವನ್ನು ಹಾಡುವ ದೇವರಗುಡ್ಡರು ತಮ್ಮ ಕಥೆಯನ್ನು ‘ಸಾಲು’ಗಳಾಗಿ ವಿಂಗಡಿಸಿಕೊಂಡಿದ್ದಾರೆ. ಶ್ರವಣಾಸುರನದು ಒಂದು ಸಾಲು, ಸಂಕಮ್ಮನದು ಒಂದು ಸಾಲು, ಜುಂಜೇಗೌಡನದು ಒಂದು ಸಾಲು. ಯಾವ ಸಾಲು ಹಾಡಬೇಕು ಎಂದು ಮಾತಾಡಿಕೊಳ್ಳುವಾಗ ನಾಮಪದ ಬೇಕೇ ಬೇಕು, ಏಕೆಂದರೆ ಆಗ ಇಡೀ ಕಥೆಯನ್ನು ಒಂದು ವಸ್ತುವಿನಂತೆ ಕೈಯಲ್ಲಿ ಹಿಡಿದು ಮಾತಾಡುತ್ತಿರುತ್ತಾರೆ. ಕಂಸಾಳೆ ಹಿಡಿದು ಕಥೆ ಶುರುಮಾಡಿದ ಮೇಲೆ ಹೆಸರುಗಳ ಕೆಲಸ ಹಿಂದೆ ಸರಿಯುತ್ತದೆ. ಮಾದಪ್ಪ ಬಂದು, ನಿಂತು, ಕೇಳಿ, ಮುನಿದು, ಹೊರಟು ಎಂದು ಒಂದರ ಬೆನ್ನಿಗೆ ಒಂದು ಕ್ರಿಯೆ ಕೂಡಿಕೊಂಡು ಕೊನೆಯ ಪೂರ್ಣಕ್ರಿಯಾಪದದಲ್ಲಿ ವಾಕ್ಯ ನಿಲ್ಲುತ್ತದೆ. ಹೆಸರಿಸಲು ನಾಮಪದ, ಹೇಳಲು ಕ್ರಿಯಾಪದ ಎಂಬ ವಿವೇಕ ಆ ಗಾಯಕರಿಗೆ ಇದೆ. ಇಂಗ್ಲಿಷ್ ಬರೆಯುವವರಿಗೂ ಅದೇ ಅಳತೆ. ಪಾಠದ ಶೀರ್ಷಿಕೆ ‘ಇವಾಪೊರೇಷನ್’ ಇರಲಿ. ಬಟ್ಟೆ ಒಣಗಿದ್ದನ್ನು ವಿವರಿಸುವ ವಾಕ್ಯದಲ್ಲಿ ‘ವಾಟರ್ ಇವಾಪೊರೇಟ್ಸ್’ ಎಂದಿರಲಿ. ‘ಇವಾಪೊರೇಷನ್ ಆಫ್ ವಾಟರ್ ಟೇಕ್ಸ್ ಪ್ಲೇಸ್’ ಎಂದರೆ ಅಂಕ ಹೆಚ್ಚು ಬರುತ್ತದೆಂಬುದು ಮೂಢನಂಬಿಕೆ.

ಕನ್ನಡ ಕ್ರಿಯಾಪದವನ್ನು ಪ್ರೀತಿಸುವ ಭಾಷೆ, ಆದ್ದರಿಂದ ಇಂಗ್ಲಿಷಿನಲ್ಲೂ ಕ್ರಿಯಾಪದ ನಮಗೆ ಸಹಜ ಎಂದು ಇಲ್ಲಿಗೇ ಜಯಘೋಷ ಮಾಡಿಬಿಡಬಹುದು. ಮಾಡಿದರೆ ಅರ್ಧ ಸುಳ್ಳಾದೀತು. ಕ್ರಿಯಾಪದವೇ ಇಲ್ಲದ ವಾಕ್ಯಗಳೂ ಕನ್ನಡದಲ್ಲಿ ಹೇರಳ. ‘ಇದು ರೇಷ್ಮೆ’, ‘ಅವಳು ಟೀಚರ್’, ‘ನನಗೆ ಕಬಡ್ಡಿ ಇಷ್ಟ’. ಇಂಗ್ಲಿಷ್ ‘ಲೈಕ್’ ಎಂದು ಕ್ರಿಯೆಯಾಗಿ ಹೇಳುವುದನ್ನು ನಾವು ‘ಇಷ್ಟ’ ಎಂದು ಹೆಸರಾಗಿ ಹೇಳುತ್ತೇವೆ. ‘ನೆನಪಿದೆ’ ಎಂಬಲ್ಲಿ ನೆನಪು ನಾಮಪದ, ‘ರಿಮೆಂಬರ್’ ಕ್ರಿಯಾಪದ. ‘ಹಸಿವಾಗಿದೆ’ ಎಂಬಲ್ಲಿ ನಾಮಪದ, ‘ಹಂಗ್ರಿ’ ಗುಣವಾಚಕ. ಮನಸ್ಸಿನ, ಮೈಯ ಅನುಭವಗಳು ನಮಗೆ ‘ಆಗು’ತ್ತವೆ, ‘ಬರು’ತ್ತವೆ, ಇಂಗ್ಲಿಷಿನಲ್ಲಿ ಅವುಗಳಲ್ಲಿ ಹಲವನ್ನು ಮನುಷ್ಯನೇ ಮಾಡುತ್ತಾನೆ. ಹೀಗಾಗಿ ಎರಡು ಭಾಷೆಗಳ ಗಡಿ ಒಂದೇ ಗೆರೆಯಲ್ಲಿ ಹೋಗುವುದಿಲ್ಲ, ಕೆಲವು ಕಡೆ ನಾವು ಕ್ರಿಯೆಯ ಪಕ್ಕ, ಕೆಲವು ಕಡೆ ಅವರು. ಇದರಿಂದ ನನ್ನ ವಾದ ಬಲವಾಗುತ್ತದೆಯೇ ಹೊರತು ಸೋಲುವುದಿಲ್ಲ. ಗಡಿ ಎಲ್ಲಿ ತಿರುಗುತ್ತದೆ ಎಂದು ತೋರಿಸದೆ ಬರೀ ಇಂಗ್ಲಿಷ್ ನಿಯಮ ಒಪ್ಪಿಸಿದರೆ ಮಗು ತನಗೆ ಗೊತ್ತಿರುವ ಗೆರೆಯಲ್ಲೇ ನಡೆಯುತ್ತದೆ. ಇಂಗ್ಲಿಷ್ ಮತ್ತು ಸಂಸ್ಕೃತಗಳ ಅಚ್ಚಿನಲ್ಲಿ ಕನ್ನಡವನ್ನು ನೋಡಬೇಡಿ, ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಡಿ.ಎನ್. ಶಂಕರ ಭಟ್ಟರು ದಶಕಗಳ ಕಾಲ ವಾದಿಸಿದರು. ನಾಮಪದವನ್ನು ‘ಹೆಸರುಪದ’, ಕ್ರಿಯಾಪದವನ್ನು ‘ಎಸಕಪದ’ ಎಂದು ಕರೆದರು. ಅವರ ಪದಗಳು ಎಲ್ಲರ ಬಾಯಿಗೆ ಹತ್ತಲಿಲ್ಲ. ಆದರೆ ಇಂಗ್ಲಿಷ್ ಕಲಿಸುವವರಿಗೂ ಕನ್ನಡದ ನಿಜವಾದ ವ್ಯಾಕರಣ ಬೇಕು ಎಂಬುದು ಆ ವಾದದೊಳಗೇ ಇರುವ, ನಾವು ಇನ್ನೂ ಕೈಗೆತ್ತಿಕೊಳ್ಳದ ತಿಳಿವು.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ತರುವುದೇ ತಪ್ಪು, ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು ಎನ್ನುವವರಿದ್ದಾರೆ. ಮನೆಯಲ್ಲಿ, ಬೀದಿಯಲ್ಲಿ ಇಂಗ್ಲಿಷ್ ಕೇಳುವ ಮಕ್ಕಳಿಗೆ ಅದು ನಡೆದೀತು. ದಿನಕ್ಕೊಂದು ಪೀರಿಯಡ್ ಮಾತ್ರ ಇಂಗ್ಲಿಷ್ ಕ್ರಿಯಾಪದವನ್ನು ಅದರ ಸ್ವಂತ ವೇಷದಲ್ಲಿ ಕಂಡು, ಉಳಿದ ಹೊತ್ತೆಲ್ಲ ‘ಮಾಡು’ವಿನ ಪಕ್ಕದಲ್ಲಿ ಕಾಣುವ ಮಗುವಿಗೆ ಈ ಉಪದೇಶ ದಕ್ಕುವುದಿಲ್ಲ. ಇನ್ನೊಂದು ಆಕ್ಷೇಪಣೆ ಈ ಮೂರು ತಾಲ್ಲೂಕುಗಳಿಗೆ ವಿಶೇಷವಾಗಿ ಸಲ್ಲುವಂಥದ್ದು: ಇಲ್ಲಿನ ಮಕ್ಕಳೆಲ್ಲ ಕನ್ನಡ ಮನೆಮಾತಿನವರಲ್ಲ. ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಕಡೆ ತಮಿಳು ಮನೆಗಳು ಹೆಚ್ಚು, ಒಡೆಯರಪಾಳ್ಯದಲ್ಲಿ ಟಿಬೆಟನ್ನರ ನೆಲೆಯಿದೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿದ್ದಾರೆ. ಸೋಲಿಗರ ನುಡಿ ಕನ್ನಡಕ್ಕೆ ಹತ್ತಿರದ್ದು. ತಮಿಳು ನಮ್ಮ ‘ಮಾಡು’ವಿನ ಜಾಗದಲ್ಲಿ ‘ಪಣ್ಣು’ ಇಟ್ಟು ಇದೇ ಕೆಲಸ ಮಾಡುತ್ತದೆ. ‘ಬುಕ್ ಪಣ್ಣು’ ಎಂಬುದು ‘ಬುಕ್ ಮಾಡು’ವಿನ ಅಣ್ಣನೋ ತಮ್ಮನೋ. ಹಿಂದಿಯಲ್ಲಿ ‘ಕರ್‌ನಾ’. ಟಿಬೆಟನ್ ಭಾಷೆಗೂ ನಾಮಪದಗಳ ಪಕ್ಕ ನಿಲ್ಲುವ ಇಂಥ ಸಹಾಯಕ ಕ್ರಿಯಾಪದಗಳಿವೆ. ಬೇರೆ ಮನೆಮಾತಿನ ಮಕ್ಕಳೂ ‘ಮಾಡು’ವಿನ ಪಾಠವನ್ನು ತಮ್ಮ ಮಾತಿನಲ್ಲೇ ಗುರುತಿಸಬಲ್ಲರು ಎಂದಾಯಿತು.

ಸರ್ಕಾರ ಇಂಗ್ಲಿಷಿನ ವರ್ಷಗಳನ್ನು ಹೆಚ್ಚಿಸುತ್ತಲೇ ಬಂದಿದೆ. 2007ರಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಗೇ ಇಂಗ್ಲಿಷ್ ಬಂತು. 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ವರ್ಷ ಹೆಚ್ಚಾದ ಮಾತ್ರಕ್ಕೆ ಈ ತೊಡಕು ಬಿಚ್ಚುವುದಿಲ್ಲ, ಏಕೆಂದರೆ ‘ಸಕ್ಸಸ್ ಆದ’ ಎಂಬುದನ್ನು ಕಲಿಸುತ್ತಿರುವುದು ಶಾಲೆಯಲ್ಲ, ಊರು. ವ್ಯಾಕರಣದ ಅಭ್ಯಾಸಗಳಲ್ಲಿ ಕ್ರಿಯಾಪದ ಕೊಟ್ಟು ಅದರ ನಾಮರೂಪ ಬರೆಯಿರಿ ಎಂದು ಕೇಳುವುದು ರೂಢಿ. ನಮ್ಮ ಮಕ್ಕಳಿಗೆ ಬೇಕಾದದ್ದು ಅದರ ತಲೆಕೆಳಗು: ನಾಮಪದ ಕೊಟ್ಟು ಕ್ರಿಯಾಪದ ಬರೆಸಿ, ಆಮೇಲೆ ಅದನ್ನು ವಾಕ್ಯದಲ್ಲಿ ದುಡಿಸುವುದು. ಡೆತ್ ಕೊಟ್ಟು ಡೈ, ಸಕ್ಸಸ್ ಕೊಟ್ಟು ಸಕ್ಸೀಡ್, ಲಾಸ್ ಕೊಟ್ಟು ಲೂಸ್, ಕಂಪ್ಲೇಂಟ್ ಕೊಟ್ಟು ಕಂಪ್ಲೇನ್. ಮಕ್ಕಳ ಬಾಯಲ್ಲಿ ಆಗಲೇ ಇರುವ ‘ಮಾಡು’, ‘ಆಗು’ ಜೋಡಿಗಳನ್ನು ಅವರಿಂದಲೇ ಹೇಳಿಸಿ ಕರಿಹಲಗೆಯ ಮೇಲೆ ಬರೆಯಿರಿ. ಪ್ರತಿಯೊಂದರ ಹಿಂದೆ ‘ನಿನ್ನೆ’ ಸೇರಿಸಿ. ‘ಮಾಡು’ ಅಳಿಸಿದರೆ ಇಂಗ್ಲಿಷ್ ಪದ ‘ಡ್’ ಹೊತ್ತು ನಿಲ್ಲುತ್ತದೆಯೇ, ಇಲ್ಲ ಬೇರೆ ಪದ ಹುಡುಕಬೇಕೇ ಎಂದು ಕೇಳಿ. ಇದಕ್ಕೆ ಹೊಸ ಪುಸ್ತಕ ಬೇಡ, ತರಬೇತಿ ಶಿಬಿರ ಬೇಡ, ಸುತ್ತೋಲೆಯಂತೂ ಬೇಡವೇ ಬೇಡ. ಕೊಳ್ಳೇಗಾಲ, ಹನೂರು, ಯಳಂದೂರಿನ ಇಂಗ್ಲಿಷ್ ಮೇಷ್ಟರುಗಳು ಈ ಜೂನಿನಲ್ಲಿ ಎಂಟನೆಯ ತರಗತಿಯ ಮೊದಲ ವಾರವನ್ನು ಇದಕ್ಕೇ ಮೀಸಲಿಟ್ಟು ನೋಡಲಿ.